ಬಕೆಟ್ಟಿನ ನೀರಲ್ಲಿ

ಯಕೃತ್ತು ಮುಳುಗಬೇಕು.
ಕಲ್ಲಿನ ಹಾಗಲ್ಲ, ಒದ್ದೆ ಬಟ್ಟೆಯ ಹಾಗೆ
ಅವಸರವಿಲ್ಲದೆ ತಳ ಸೇರಬೇಕು.
ಇದು ತೇಲಿತು.

ನಾಂಟ್‌ವಿಚ್‌ನ ಆಚೆ, ಜನವರಿ, ಕೊಟ್ಟಿಗೆಯ ಹಿಂದೆ
ಕಾಂಕ್ರೀಟಿನ ಮೇಲೆ ನಾನೂರ ಹದಿನೇಳು
ಮಗ್ಗುಲು ತೆರೆದು ಮಲಗಿದ್ದಾಳೆ.
ಚಾಕುವಿಗೆ ಬೆಣ್ಣೆಯ ಜಿಡ್ಡು.
ಬಣ್ಣ ಕೆಂಪಲ್ಲ, ಹಳೇ ಸಾಸಿವೆ ಗೊಜ್ಜಿನದು.
ಚೂಪಿರಬೇಕಾದ ಅಂಚು ಗಲ್ಲದಂತೆ ದುಂಡಗಾಗಿದೆ.

ಬ್ರೆಂಡಾ ಹಾಲಿನ್ಸ್‌ಹೆಡ್ ಕೈಗವಸು ತೆಗೆಯುವುದಿಲ್ಲ.
"ಇವಳಿಗೆ ನಾನೆಂದೂ ಕಡಿಮೆ ಹಾಕಿಲ್ಲ" ಅನ್ನುತ್ತಾಳೆ,
ನಾನೇನೋ ಆರೋಪ ಹೊರಿಸಿದವಳಂತೆ.
ಹೌದು, ಹಾಕಿಲ್ಲ.
ಗಬ್ಬ ನಿಂತದ್ದು ತಡ, ಹಾಲು ಬತ್ತಿದ್ದು ಬೇಗ,
ನಡುವೆ ನಾಲ್ಕು ತಿಂಗಳು
ಕರೆಯುವ ಹಸುಗಳ ಸಾಲಲ್ಲೇ ನಿಂತು ಉಂಡಳು:
ಜೋಳದ ಸೈಲೇಜು, ಅದರ ಮೇಲೆ
ಚೀಲದಿಂದ ಉದುರಿಸಿದ ತಾಳೆಯ ಕೊಬ್ಬು.
ಬೆನ್ನು ಒತ್ತಿದರೆ ಎಲುಬು ಸಿಗದು,
ಬಾಲದ ಬುಡದಲ್ಲಿ ದಿಂಬು.
ನೋಡಿದವರೆಲ್ಲ ಚೆಂದ ಅಂದರು.
ನಾನೂ ಅಂದೆ, ಅಕ್ಟೋಬರಿನಲ್ಲಿ,
ಗೇಟಿಗೆ ಒರಗಿ ಚಹಾ ಕುಡಿಯುತ್ತಾ.

ನಮ್ಮ ಮಾತಲ್ಲಿ ಕೊಬ್ಬು ಅಂದರೆ ಸೊಕ್ಕು.
"ಕೊಬ್ಬು ಜಾಸ್ತಿಯಾಯ್ತು ನಿಂಗೆ" ಅಂತ ಬೈವಾಗ ಅಮ್ಮ
ನನ್ನ ತೂಕ ನೋಡುತ್ತಿರಲಿಲ್ಲ.
ಇವಳಿಗೆ ಸೊಕ್ಕಿರಲಿಲ್ಲ, ಇದ್ದದ್ದು ಕರು.
ಹಾಕಿದ ದಿನವೇ ಕೆಚ್ಚಲು ಕೇಳತೊಡಗಿತು,
ಬಾಯಿ ಮಾತ್ರ ಒಲ್ಲೆ ಅಂದಿತು.
ಬೆನ್ನಲ್ಲಿ ಕೂಡಿಟ್ಟದ್ದಿತ್ತಲ್ಲ,
ಕರಗಿಸಿದಳು, ಕಳಿಸಿದಳು,
ಎಲ್ಲ ಬಂದು ಒಂದೇ ಬಾಗಿಲಲ್ಲಿ ನಿಂತಿತು.
ಒಳಗೆ ಅಳೆಯುವವ ಒಬ್ಬನೇ.

ಮೂರನೇ ದಿನ ಉಸಿರಲ್ಲಿ
ಉಗುರುಬಣ್ಣ ಅಳಿಸುವ ನೀರಿನ ವಾಸನೆ.
ಐದಕ್ಕೆ ಮೆಲುಕು ನಿಂತಿತು.
ಕೊಳವೆ ಇಳಿಸಿ ಸಿಹಿಮದ್ದು ಹೊಯ್ದೆ,
ರಕ್ತಕ್ಕೆ ಸಕ್ಕರೆ ಏರಿಸಿದೆ, ಕಿವಿ ಮುಟ್ಟಿದೆ: ತಣ್ಣಗೆ.
ಎಂಟಕ್ಕೆ ಈ ಬಕೆಟ್ಟು.

"ಆ ಚೀಲದ್ದೇ ತಪ್ಪಾ?"
ಅದೊಂದೇ ಅಲ್ಲ, ಅಂದೆ.
ನಿಜವೇ. ಆದರೂ ಸುಳ್ಳಿನಂತೆ ಕೇಳಿಸಿತು.

ಈಗ ಕೈಗವಸು ತೆಗೆದಳು.
ಬಗ್ಗಿ, ಒಂದು ಬೆರಳಲ್ಲಿ
ಚೂರನ್ನು ತಳಕ್ಕೆ ಒತ್ತಿದಳು. ಬಿಟ್ಟಳು.
ಮೇಲೆ ಬಂತು.
ಮತ್ತೆ ಒತ್ತಿದಳು.

ಆಚೆ ಹುಲ್ಲಿನ ಮೇಲೆ ಕರು,
ಬೇರೆ ಯಾರದೋ ಹಾಲು ಕುಡಿದು
ಮೂತಿಯೆಲ್ಲ ನೊರೆ.

"ಬತ್ತಿದವು ಇನ್ನೂ ಹನ್ನೊಂದಿವೆ" ಅಂದಳು.
ಚಾಕು ತೊಳೆದೆ. ಇಬ್ಬರೂ ಹೊರಟೆವು,
ಒಂದೊಂದರ ಬೆನ್ನಿಗೂ ಅಂಗೈಯಿಟ್ಟು
ಎಲುಬು ಹುಡುಕಲು.