ಎಂಟು ಪಾಯಿಂಟಿನ ಅಪ್ಪ

ಸುಲ್ತಾನಪೇಟೆಯ ಅಚ್ಚುಕೂಟದಲ್ಲಿ ಇಪ್ಪತ್ತಾರು ವರ್ಷ
ರೇಸಿನ ಪುಸ್ತಕದ ಕರಡು ತಿದ್ದಿದವನು ನಾನು.
ಕುದುರೆಯ ಹೆಸರು ಹನ್ನೆರಡು ಪಾಯಿಂಟು, ದಪ್ಪ.
ಅದರಡಿಗೆ, ಎಂಟು ಪಾಯಿಂಟಿನಲ್ಲಿ, ಅಪ್ಪ.
ಒಂದು ಅಡ್ಡಗೆರೆ. ಆಮೇಲೆ ಅವ್ವ.
ನನ್ನ ಮನೆತನ ಮೂರು ತಲೆಯಾಚೆ ಗೊತ್ತಿಲ್ಲ,
ಐರ್ಲೆಂಡಿನ ಗಂಡುಗಳದ್ದು ಏಳು ತಲೆ ಬಾಯಿಪಾಠ.

ಹೆಸರಿಡುವ ಚಂದ ನೋಡಿ:
ಅಪ್ಪ ಗ್ರೇ ಮ್ಯಾಜಿಸ್ಟ್ರೇಟ್, ಅವ್ವ ಲಾಂಗ್ ಸಮ್ಮರ್,
ಹುಟ್ಟಿದ ಮರಿ ಕೋರ್ಟ್ ಹಾಲಿಡೇ.
ಹರಾಜಿನಲ್ಲಿ ನಲವತ್ತು ಲಕ್ಷ.
ಮರಿ ಇನ್ನೂ ಓಡಿರಲಿಲ್ಲ; ಓಡಿದ್ದು ಅಪ್ಪ,
ಅದೂ ಬೇರೆ ಹುಲ್ಲಿನ ಮೇಲೆ, ಬೇರೆ ಮಳೆಯಲ್ಲಿ.

"ರಕ್ತ ಕಣ್ರೀ, ರಕ್ತ," ಅನ್ನುತ್ತಿದ್ದರು ಕೆಇಬಿಯ ಸಂಪಂಗಿರಾಮಯ್ಯ
ಆನಂದರಾವ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ,
ಪುಸ್ತಕ ಸುರುಳಿ ಮಾಡಿ ತೊಡೆಗೆ ಬಡಿಯುತ್ತ.
"ನೂಲಿನಂತೆ ಸೀರೆ. ಗಂಡು ನೋಡಿ ದುಡ್ಡು ಕಟ್ಟಿ."
ಮಗಳಿಗೆ ಗಂಡು ನೋಡುವಾಗಲೂ ಹಾಗೇ ಅಂದಿದ್ದರಂತೆ;
ಆ ಫಲಿತಾಂಶವನ್ನು ನಾವು ಯಾರೂ ಕೇಳುತ್ತಿರಲಿಲ್ಲ.

ಕೋರ್ಟ್ ಹಾಲಿಡೇ ಒಂಬತ್ತು ಸಲ ಓಡಿತು.
ಒಂಬತ್ತು ಸಲವೂ ಕೊನೆಯ ತಿರುವಿನಲ್ಲಿ,
ಹೆಸರಿಗೆ ತಕ್ಕ ಹಾಗೆ, ರಜೆ.
ಜಾಕಿಯನ್ನು ಬೈದರು, ನಾಲಬಂದನನ್ನು ಬೈದರು,
ಹಿಂದಿನ ದಿನದ ಮಳೆಯನ್ನು ಬೈದರು,
ಅಪ್ಪನನ್ನು ಮಾತ್ರ ಯಾರೂ ಬೈಯಲಿಲ್ಲ.

ಈಗ ಹೇಳಬಹುದು, ಅಚ್ಚುಕೂಟವೇ ಇಲ್ಲ:
ಒಂದು ಜುಲೈ ಶನಿವಾರ, ಮೂರನೇ ರೇಸು,
ನಾಲ್ಕನೇ ಕುದುರೆಯ ಅಪ್ಪ ಐದನೆಯದಕ್ಕೆ,
ಐದನೆಯದರ ಅಪ್ಪ ನಾಲ್ಕಕ್ಕೆ.
ನನ್ನದೇ ತಪ್ಪು. ನಿದ್ದೆಗೆಟ್ಟಿದ್ದೆ. ಮಗುವಿಗೆ ಜ್ವರ. ಇರಲಿ.
ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತೆ.
ಐದನೆಯದು ಮೂರು ಲೆಂಗ್ತ್ ಬಿಟ್ಟು ಗೆದ್ದಿತು.
ಸಂಪಂಗಿರಾಮಯ್ಯ ನನ್ನ ಬೆನ್ನಿಗೊಂದು ಗುದ್ದಿ,
"ನೋಡಿದ್ರಾ! ಆ ಅಪ್ಪನಿಗೆ ಇಂಥದೇ ಹುಟ್ಟೋದು!"
ಬೋಂಡ ಕೊಡಿಸಿದರು.
ತಿಂದೆ.

ಕೋರ್ಟ್ ಹಾಲಿಡೇಯನ್ನು ಜಕ್ಕೂರಿನಾಚೆ
ಸವಾರಿ ಕಲಿಸುವ ಶಾಲೆಗೆ ಅರವತ್ತು ಸಾವಿರಕ್ಕೆ ಕೊಟ್ಟರು.
ಜತೆಗೆ ಹೋದವನು ಸೈಸು ಮಸ್ತಾನ್ ವಲಿ.
ಹೋದ ತಿಂಗಳು ಸಿಕ್ಕಿದ್ದ, ಕೈ ಅಗಲಿಸಿ ಹೇಳಿದ:
ಒಂದು ಮಧ್ಯಾಹ್ನ, ಹಗ್ಗ ಬಿಚ್ಚಿದ್ದಷ್ಟೇ,
ನಾಲ್ಕೂವರೆ ಅಡಿ ಬೇಲಿ,
ಓಡಲಿಲ್ಲ, ಗಾಬರಿಯಿಲ್ಲ,
ಹೊಸ್ತಿಲು ದಾಟುವ ಹಾಗೆ ದಾಟಿತು.
ಈಗ ಅಡ್ಡಗಂಬ ಎಷ್ಟು ಎತ್ತರಿಸಿದರೂ ಹಾರುತ್ತದೆ.

ಸ್ಟೀಪಲ್‌ಚೇಸ್ ಎಂಬ ರೇಸಿದೆ, ನಮ್ಮ ಮೈದಾನದಲ್ಲಿಲ್ಲ,
ಐರ್ಲೆಂಡಿನಲ್ಲಿ ಬೇಲಿ ಹಳ್ಳ ಹಾರುತ್ತ ನಾಲ್ಕು ಮೈಲಿ.
ಮ್ಯಾಜಿಸ್ಟ್ರೇಟನ ಕಡೆ ಹಾರಿದವರುಂಟೇ?
ಹಳೇ ಪುಸ್ತಕ ಕೆದಕಿದೆ, ಏಳು ತಲೆ:
ಎಲ್ಲರೂ ಸಮತಟ್ಟು. ಎಲ್ಲರೂ ಬೇಗ.
ಅವ್ವನ ಕಡೆ ನೋಡಿದೆ. ಅವ್ವನ ಅವ್ವ:
ಹೆಸರು, ಬಣ್ಣ, ಹುಟ್ಟಿದ ವರ್ಷ,
ಆಮೇಲೆ ಒಂದೇ ಮಾತು, "ಓಡಿಲ್ಲ."
ಓಡದೆ ಏನು ಮಾಡುತ್ತಿತ್ತು ಅಷ್ಟು ವರ್ಷ,
ಸಂಜೆ ಹೊತ್ತು ಯಾವ ಬೇಲಿಯ ಹತ್ತಿರ ನಿಲ್ಲುತ್ತಿತ್ತು,
ಅದನ್ನು ಅಚ್ಚುಹಾಕುವ ಪಾಯಿಂಟು ನಮ್ಮಲ್ಲಿರಲಿಲ್ಲ.

ಇದನ್ನೆಲ್ಲ ಮಸ್ತಾನನಿಗೆ ಬಿಡಿಸಿ ಹೇಳಿದೆ.
ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದ:
"ಬೇಲಿ ಆ ಕಡೆ ಕುದುರೆಮಸಾಲೆ ಸೊಪ್ಪಿತ್ತು ಸಾರ್."

ಬರುವ ಭಾನುವಾರ ಶಾಲೆಯಲ್ಲಿ ಮಕ್ಕಳ ಪಂದ್ಯ.
ಅರ್ಜಿ ತುಂಬಿಕೊಡಿ ಅಂದ; ಅವನಿಗೆ ಅಕ್ಷರ ಬಾರದು.
ಕುದುರೆಯ ಹೆಸರು. ಬಣ್ಣ. ವಯಸ್ಸು.
ತಂದೆ, ಅಂತ ಒಂದು ಖಾನೆ.
ಈ ಪಂದ್ಯಕ್ಕೆ ಯಾರೂ ದುಡ್ಡು ಕಟ್ಟುವುದಿಲ್ಲ.
ಆದರೂ ಬರೆದದ್ದನ್ನು
ಎರಡು ಸಲ ತಾಳೆ ನೋಡಿದೆ.