ಹಸಿರು ದೀಪ ಎರಡು ಸಲ

ಎರ್ಮೆಲಿಂದಾ,
ನೀನು ಹೋದಮೇಲೆ ಮೂರು ಸಲ ಹಿಮ ಬಿತ್ತು, ಎರಡು ಸಲ ಕರಗಿತು.
ಮೇಲಿನ ಸರೋವರದಲ್ಲಿ ಅಳತೆಯ ಕಂಬ ನೆಟ್ಟಗಿದೆ.
ನಿನ್ನೆಯ ಲೆಕ್ಕ: ನಾಲ್ಕು ಮೀಟರು ಹದಿನೆಂಟು ಸೆಂಟಿಮೀಟರು.
ಮೊನ್ನೆಗಿಂತ ಎರಡು ಬೆರಳು ಮೇಲೆ.
"ಬೆರಳು ಬೇಡ ನೆಕ್‌ಬಖ್ತ್, ಅಂಕಿ ಬರಿ" ಎನ್ನುತ್ತಿದ್ದೆ,
ಬರೆದಿದ್ದೇನೆ.
ಆದರೂ ನನ್ನ ಹೆದರಿಕೆ ಅಳತೆಗೆ ಸಿಗುವುದು ಬೆರಳಲ್ಲೇ.

ನಿನಗಿಂತ ಮುಂಚೆ ಬಂದಿತ್ತಲ್ಲ ಒಂದು ಪೆಟ್ಟಿಗೆ,
ಬಿಳಿ ಬಣ್ಣ, ಮೈಮೇಲೆ ಕೊಟ್ಟವರ ಬಾವುಟ.
ಜತೆಗೆ ಬಂದವರು ರಿಬ್ಬನ್ ಕತ್ತರಿಸಿ
ಫೋಟೋ ತೆಗೆಸಿಕೊಂಡು, ಒಣ ಏಪ್ರಿಕಾಟ್ ತಿಂದು ಹೋದರು.
ಎರಡನೆಯ ಚಳಿಗಾಲಕ್ಕೆ ಅದು ಮೂಕಾಯಿತು.
ಪಾಸ್‌ವರ್ಡ್ ಕೇಳಿತು.
ಅದೋ, ಎಲ್ಲೋ ಸಮುದ್ರದಾಚೆ
ಕೆಲಸ ಬಿಟ್ಟು ಹೋದವನೊಬ್ಬನ ತಲೆಯಲ್ಲಿತ್ತು.
ಬಿಚ್ಚಿ ನೋಡೋಣವೆಂದರೆ
ಮುದ್ರೆ ಒಡೆದರೆ ಖಾತರಿ ಹೋಗುತ್ತದೆ ಎಂದು ಬರೆದಿತ್ತು.
ಯಾರ ಖಾತರಿ? ಯಾವುದಕ್ಕೆ?
ಕೋಳಿಗಳು ಅದರ ಮೇಲೆ ಕೂತು ಬಿಸಿಲು ಕಾಯಿಸಿದವು.

ನೀನು ಬಂದ ದಿನ ಭಾಷಣ ಮಾಡಲಿಲ್ಲ,
ಸ್ಕ್ರೂಡ್ರೈವರ್ ನನ್ನ ಕೈಗಿಟ್ಟೆ.
ನಿನ್ನ ಮಾತು ಮೂರು ಬಾಯಿ ದಾಟಿ ಬರಬೇಕಿತ್ತು,
ದಾರಿಯಲ್ಲೇ ಅರ್ಧ ಸೋರಿಹೋಗುತ್ತಿತ್ತು.
ಸ್ಕ್ರೂ ಮಾತ್ರ ನೇರ ಬಂತು:
ಎಡಕ್ಕೆ ಬಿಚ್ಚು, ಬಲಕ್ಕೆ ಬಿಗಿ.

ಸಂಜೆ ಉಪ್ಪು ಹಾಕಿದ ಹಾಲಿನ ಚಹಾ, ಸುಟ್ಟ ಆಲೂಗಡ್ಡೆ.
ಸಿಪ್ಪೆ ಸುಲಿಯುತ್ತ ನೀನು ನಕ್ಕೆ, "ಇದು ನಮ್ಮ ಬೆಟ್ಟದ್ದು."
"ಹೋಗೇ, ಇದು ನಮ್ಮಜ್ಜಿ ಬೆಳೆದದ್ದು!"
ಜಗಳ ಮೂರು ಭಾಷೆಗಳಲ್ಲಿ ನಡೆಯಿತು.
ಗಡ್ಡೆ ಮಾತ್ರ ಬರುವಾಗ ಬೀಗ ತಂದಿರಲಿಲ್ಲ;
ಕಣ್ಣಿರುವ ಒಂದು ಚೂರು, ಒಂದು ಹಿಡಿ ಮಣ್ಣು,
ಯಾರ ಅಪ್ಪಣೆಯೂ ಬೇಕಿಲ್ಲದೆ ಮೊಳೆಯಿತು.

ಅವತ್ತೇ ನೀನು ಹೇಳಿದ್ದು,
ಪೆರುವಿನ ನಿನ್ನೂರಿನ ಮೇಲೆ ಹಿಮದ ಕೆರೆ ಒಡೆದದ್ದು.
ಅಮ್ಮ ಹಿಟ್ಟು ನಾದುತ್ತಿದ್ದಳಂತೆ.
ಅಲ್ಲಿಗೆ ಅನುವಾದದ ಹುಡುಗ ಸುಮ್ಮನಾದ.
ಮುಂದೇನೆಂದು ನಾವೂ ಕೇಳಲಿಲ್ಲ.

ಈಗ ತಪ್ಪೊಪ್ಪಿಗೆ.
ಕಳೆದ ಗುರುವಾರ ನಡುರಾತ್ರಿ ಸೈರನ್ ಕೂಗಿತು.
ಊರೆಲ್ಲ ಗುಡ್ಡ ಹತ್ತಿತು, ಕಂಬಳಿ ಹೊದ್ದು, ಕೂಸು ಹೊತ್ತು,
ಒಬ್ಬಳಂತೂ ಕುದಿವ ಕೆಟಲನ್ನೇ ಹಿಡಿದು.
ನೀರು ಬರಲಿಲ್ಲ. ಬೆಳಗು ಬಂತು.
ಯಾವುದೋ ನರಿ ತಂತಿ ಕಡಿದಿತ್ತು, ಅಷ್ಟೇ.
"ಇನ್ನೊಮ್ಮೆ ಕೂಗಿದರೆ ನಾನು ಏಳುವುದಿಲ್ಲ"
ಎಂದ ಮಿರ್ಜೋನಬೋತ್, ನನ್ನ ಕಾಲ ಬಳಿ ಉಗಿದು.
ತಂತಿ ಬೆಸೆಯುವಾಗ ಕಣ್ಣು ಮಂಜಾಗಿ
ಹೆಬ್ಬೆರಳು ಸುಟ್ಟುಕೊಂಡೆ.

ಆಮೇಲೆ ಕೂತು ಲೆಕ್ಕ ಹಾಕಿದೆ.
ಹತ್ತು ನಿಮಿಷ ಸಾಕೆಂದಿದ್ದೆವು, ಹಿಡಿದದ್ದು ಹದಿನಾಲ್ಕು.
ಒಬ್ಬಳು ಉಳಿದೇ ಹೋಗಿದ್ದಳು: ಕಿವಿ ಕೇಳದ ಸಬ್ಜಾಗುಲ್.
ಖಾಲಿ ಊರಲ್ಲಿ ಎದ್ದು ಹಸು ಕರೆದು,
ನಾವು ಇಳಿದು ಬಂದಾಗ ಅಂಗಳದಲ್ಲಿ ನಿಂತು ರೇಗಿದಳು:
"ನನ್ನೊಬ್ಬಳನ್ನೇ ಬಿಟ್ಟು ಯಾರ ಮದುವೆಗೆ ಹೋಗಿದ್ದಿರಿ?"
ಈಗ ಅವಳ ಮುಂಗೈಯಿಂದ
ಪಕ್ಕದ ಮನೆಯ ಕಿಟಕಿಗೆ ರಾತ್ರಿಯೆಲ್ಲ ಒಂದು ಹಗ್ಗ.
ಸೈರನ್ ಕೂಗಿದರೆ ಮಿರ್ಜೋನಬೋತ್ ಎಳೆಯಬೇಕು.
ಎಳೆಯಬೇಕಾದರೆ ಅವನೂ ಏಳಬೇಕು!
ಇದು ನಿನ್ನ ಪುಸ್ತಕದಲ್ಲಿಲ್ಲ. ಬರೆದುಕೋ.

ಆಚೆ ಕಣಿವೆಯಿಂದ ಇಬ್ಬರು ಹುಡುಗರು
ತಮ್ಮ ಬಿಳಿ ಪೆಟ್ಟಿಗೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದಿದ್ದಾರೆ.
ಮುದ್ರೆಯನ್ನು ಇನ್ನೂ ಒಡೆದಿಲ್ಲ, ಪಾಪ.
ನಾನು ಭಾಷಣ ಮಾಡಲಿಲ್ಲ.

ಒಣಗಿಸಿದ ಹಿಪ್ಪುನೇರಳೆ ಕಳಿಸಿದ್ದೇನೆ, ಅರ್ಧ ಚೀಲ.
ನೀನು ಎರಡು ಫ್ಯೂಸ್ ಕಳಿಸು, ಸಣ್ಣವು.
ಇನ್ನೊಂದು ಮಾತು:
ಮುಂಜಾವದಲ್ಲಿ, ಚಳಿ ಬಲಿತಾಗ,
ಹಸಿರು ದೀಪ ಎರಡು ಸಲ ಮಿನುಗಿ ಸುಮ್ಮನಾಗುತ್ತದೆ.
ಕೆಂಪಾದರೆ ಗೊತ್ತು. ಒಂದು ಸಲ ಮಿನುಗಿದರೂ ಗೊತ್ತು.
ಎರಡು ಸಲಕ್ಕೆ ಏನರ್ಥ?
ನಿನಗೂ ಗೊತ್ತಿಲ್ಲದಿದ್ದರೆ ಹಾಗೆಂದೇ ಬರಿ.
ಇಲ್ಲಿ ಬಿಚ್ಚಿ ನೋಡುತ್ತೇವೆ.