ದಿನದ ಶುಲ್ಕ

ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು ಎಲುನೆಡ್.
ಮರ್ಥರಿನ ಆ ಮನೆಯಲ್ಲಿ ಒಂದು ಬಲ್ಬೂ ಉರಿಯಲಿಲ್ಲ.
ಮೆಟ್ಟಿಲ ಕೆಳಗಿನ ಮೀಟರು ಮಾತ್ರ
ಕತ್ತಲಲ್ಲೇ ಕೂತು ಸಾಲ ಬರೆದುಕೊಂಡಿತು.

ಬಂದವಳು ಕೋಟು ಬಿಚ್ಚದೆ
ಮೂಲೆಯಂಗಡಿಯಲ್ಲಿ ಕೀಲಿಗೆ ಹತ್ತು ಪೌಂಡ್ ತುಂಬಿಸಿ ತಂದಳು.
ಚುಚ್ಚಿದರೆ
ಉಳಿದದ್ದು ಒಂದು ಪೌಂಡ್ ಹದಿನೆಂಟು ಪೆನ್ಸ್.
ಉಣ್ಣದ ಊಟಕ್ಕೂ ಎಲೆಯ ದುಡ್ಡು.

ಫೋನಿನಲ್ಲಿ ಹುಡುಗ:
‘ಅದು ತಂತಿಗೆ, ಕಂಬಕ್ಕೆ, ಮೇಡಂ. ಎಲ್ಲರಿಗೂ ಒಂದೇ.’
‘ಗುಡ್ಡದ ಮೇಲೆ ಈಜುಕೊಳದ ಮನೆಯಿದೆಯಲ್ಲ, ಅವರಿಗೂ?’
‘ಅವರಿಗೂ ಅಷ್ಟೇ. ಸಮಾನ.’

ಕಂಬ ಬೇಕು, ಅವಳಿಗೆ ಗೊತ್ತು.
ಹಿಮ ಬಿದ್ದ ರಾತ್ರಿ ಅದನ್ನು ಹತ್ತುತ್ತಿದ್ದವನು
ಅವಳ ಗಂಡನೇ.

ಫೋನಿಟ್ಟು
ಕಪ್ಪಿನಿಂದಲೇ ಅಳೆದು
ಕೆಟಲಿಗೆ ನೀರು ಹಾಕಿದಳು,
ಒಂದು ಕಪ್ಪು,
ಆಮೇಲೆ ಸ್ವಲ್ಪ ಚೆಲ್ಲಿದಳು.